ಪದವಿಯ ಪ್ರಬಂಧ ಜೆರಾಕ್ಸ್ ಅಂಗಡಿಯಲ್ಲಿ ಹುಟ್ಟಬಾರದು

ಪದವಿ ತರಗತಿಯ ಕೊನೆಯ ಸೆಮಿಸ್ಟರ್ ಬಂತೆಂದರೆ ಕಾಸರಗೋಡು, ಕುಂಬಳೆ, ಉಪ್ಪಳ ಮುಂತಾದ ಪೇಟೆಗಳ ಡಿಟಿಪಿ, ಜೆರಾಕ್ಸ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಪ್ರಾಜೆಕ್ಟ್ ವರದಿ ಒಪ್ಪಿಸದೆ ಪದವಿ ಪೂರ್ತಿಯಾಗದು. ಹಾಗಾಗಿ ಹುಡುಗರು, ಹುಡುಗಿಯರು ಕಾಗದದ ಕಟ್ಟು ಹಿಡಿದು ಸಾಲು ನಿಲ್ಲುತ್ತಾರೆ. ಟೈಪ್ ಮಾಡಿಸುವುದು, ಸ್ಪೈರಲ್ ಬೈಂಡಿಂಗ್ ಮಾಡಿಸುವುದು ತಪ್ಪಲ್ಲ. ಆದರೆ ವಿಷಯವೂ ಅಲ್ಲೇ ಸಿಗುತ್ತದೆ, ಹಿಂದಿನ ವರ್ಷದವರ ವರದಿಯ ಹೆಸರು, ದಿನಾಂಕ ಬದಲಿಸಿದರೆ ಸಾಕು ಎಂಬ ಮಾತು ವಿದ್ಯಾರ್ಥಿಗಳ ನಡುವೆ ಸಲೀಸಾಗಿ ಓಡಾಡುತ್ತಿರುವುದು ಮಾತ್ರ ಚಿಂತೆಯ ವಿಷಯ. ಮೂರು ವರ್ಷ ಕಲಿತದ್ದಕ್ಕೆ ಸಾಕ್ಷಿಯಾಗಬೇಕಾದ ಬರವಣಿಗೆ, ಕಲಿತವರ ಕೈಯಿಂದಲೇ ಬರುತ್ತಿಲ್ಲ ಎಂದರೆ ಆ ಪದವಿಗೆ ಅರ್ಥವೇನು?

ಈ ಪ್ರಶ್ನೆಯನ್ನು ಈಗಲೇ ಎತ್ತಲು ಕಾರಣವುಂಟು. ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರ ಜುಲೈಯಿಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ ಜಾರಿಗೆ ಬಂದಿದೆ. ಕಾಸರಗೋಡಿನ ಕಾಲೇಜುಗಳು ಸೇರಿರುವ ಕಣ್ಣೂರು ವಿಶ್ವವಿದ್ಯಾಲಯದಲ್ಲೂ ಹಾಗೆಯೇ. ಮೂರು ವರ್ಷಕ್ಕೆ 133 ಕ್ರೆಡಿಟ್ ಮುಗಿಸಿದವರು ಪದವಿ ಪಡೆದು ಹೊರಡಬಹುದು. ನಾಲ್ಕನೇ ವರ್ಷವೂ ಓದಿ 177 ಕ್ರೆಡಿಟ್ ಗಳಿಸಿದರೆ ಆನರ್ಸ್ ಪದವಿ. ಸಂಶೋಧನೆಯೊಂದಿಗೆ ಆನರ್ಸ್ ಎಂಬ ಇನ್ನೊಂದು ದಾರಿಯೂ ಇದೆ. ಯುಜಿಸಿ 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರಿಗೆ ಈ ದಾರಿ ತೆರೆದಿರುತ್ತದೆ. ಅದರಲ್ಲಿ 12 ಕ್ರೆಡಿಟ್ ಕೇವಲ ಸಂಶೋಧನ ಪ್ರಬಂಧಕ್ಕೇ ಮೀಸಲು. 2024ರಲ್ಲಿ ಸೇರಿದವರು ನಾಲ್ಕನೇ ವರ್ಷ ಮುಗಿಸುವುದು 2028ರಲ್ಲಿ. ಬರೆಯಲು ಬಾರದವರಿಗೆ ಆ ಬಾಗಿಲು ಹೆಸರಿಗೆ ಮಾತ್ರ ತೆರೆದಂತೆ.

ಹೆಸರು ಒಂದೇ, ಕೆಲಸ ಬೇರೆ

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತನಕ ಓದಿದ ಮಕ್ಕಳಿಗೆ ಬುದ್ಧಿ ಕಡಿಮೆ, ಭಾಷೆ ಬಾರದು ಎಂದು ಹೇಳುವವರಿದ್ದಾರೆ. ಇದು ಸರಿಯಲ್ಲ. ತೊಡಕು ಬೇರೆ ಕಡೆ ಇದೆ. ಕನ್ನಡದಲ್ಲಿ ‘ಪ್ರಬಂಧ’ ಎಂಬ ಒಂದೇ ಶಬ್ದವನ್ನು ಮೂರು ಕೆಲಸಕ್ಕೆ ಬಳಸಲಾಗುತ್ತದೆ. ಶಾಲೆಯ ಪರೀಕ್ಷೆಯಲ್ಲಿ ‘ಗ್ರಂಥಾಲಯಗಳ ಮಹತ್ವ’ದ ಬಗ್ಗೆ ಬರೆಯುವುದೂ ಪ್ರಬಂಧ, ಪತ್ರಿಕೆಯಲ್ಲಿ ಬರುವ ಲಲಿತ ಪ್ರಬಂಧವೂ ಪ್ರಬಂಧ, ಪದವಿಗೆ ಒಪ್ಪಿಸುವ ಸಂಶೋಧನ ಪ್ರಬಂಧವೂ ಪ್ರಬಂಧವೇ. ಹೆಸರು ಒಂದೇ ಆದುದರಿಂದ ಬರೆಯುವ ಕ್ರಮವೂ ಒಂದೇ ಎಂದು ವಿದ್ಯಾರ್ಥಿ ನಂಬುತ್ತಾನೆ. ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ ಎಂದು ಮೂರು ಭಾಗ ಮಾಡಿ, ಕೊನೆಗೆ ‘ಇದನ್ನು ಉಳಿಸುವುದು ನಮ್ಮೆಲ್ಲರ ಕರ್ತವ್ಯ’ ಎಂದು ಮುಗಿಸಿಬಿಡುತ್ತಾನೆ. ಶಾಲೆಯಲ್ಲಿ ಇದಕ್ಕೆ ಒಳ್ಳೆಯ ಅಂಕ ಸಿಕ್ಕಿತ್ತು. ಕಾಲೇಜಿನಲ್ಲಿ ಯಾಕೆ ಸಿಗುವುದಿಲ್ಲ ಎಂದು ಅವನಿಗೆ ತಿಳಿಹೇಳಿದವರು ಯಾರೂ ಇಲ್ಲ.

ಒಂದು ಉದಾಹರಣೆ ನೋಡಬಹುದು. ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗಗಳು ಎಲ್ಲರಿಗೂ ಗೊತ್ತಿರುವಂಥವು. ಇದರ ಬಗ್ಗೆ ಬರೆಯಹೊರಟ ವಿದ್ಯಾರ್ಥಿ ಸಾಮಾನ್ಯವಾಗಿ ಹೀಗೆ ಸುರು ಮಾಡುತ್ತಾನೆ: ‘ಸುರಂಗಗಳು ಪೂರ್ವಜರ ಅಮೂಲ್ಯ ಕೊಡುಗೆ. ಇಂದು ಅವು ನಶಿಸುತ್ತಿವೆ. ಆಧುನಿಕತೆಯೇ ಇದಕ್ಕೆ ಕಾರಣ.’ ಮೂರು ವಾಕ್ಯದಲ್ಲೂ ಸುಳ್ಳಿಲ್ಲ, ಆದರೆ ಮೂರರಲ್ಲೂ ಹೊಸದೇನೂ ಇಲ್ಲ. ಇದನ್ನು ಬರೆಯಲು ಮನೆಯಿಂದ ಹೊರಗೆ ಕಾಲಿಡಬೇಕಾಗಿಯೂ ಇಲ್ಲ.

ಅದೇ ವಿದ್ಯಾರ್ಥಿ ತನ್ನ ಒಂದು ವಾರ್ಡನ್ನು ಮಾತ್ರ ಹಿಡಿದುಕೊಳ್ಳಲಿ. ಅಲ್ಲಿ ಎಷ್ಟು ಸುರಂಗಗಳಿವೆ, ಯಾವುದರಲ್ಲಿ ಮೇ ತಿಂಗಳಲ್ಲೂ ನೀರು ಉಂಟು, ಯಾವುದು ಯಾವ ವರ್ಷದಿಂದ ಬತ್ತಿತು, ಹತ್ತಿರದಲ್ಲಿ ಕೊಳವೆಬಾವಿ ಉಂಟೇ, ಇದ್ದರೆ ಯಾವಾಗ ಕೊರೆದದ್ದು ಎಂದು ಮನೆ ಮನೆಗೆ ಹೋಗಿ ಕೇಳಿ ಬರೆದುಕೊಳ್ಳಲಿ. ಆಮೇಲೆ ‘ನೋಡಿದ ಸುರಂಗಗಳ ಪೈಕಿ ಇಷ್ಟರಲ್ಲಿ ಬೇಸಗೆಯಲ್ಲಿ ನೀರಿರಲಿಲ್ಲ. ಬತ್ತಿದವುಗಳಲ್ಲಿ ಇಷ್ಟರ ಹತ್ತಿರ ಕೊಳವೆಬಾವಿ ಇದೆ. ಆದರೆ ಕೊಳವೆಬಾವಿಯೇ ಕಾರಣ ಎಂದು ಇಷ್ಟರಿಂದಲೇ ಹೇಳುವ ಹಾಗಿಲ್ಲ, ಮಳೆಯ ಲೆಕ್ಕವನ್ನೂ ನೋಡಬೇಕು’ ಎಂದು ಬರೆಯಲಿ. ಭಾಷೆ ಸಾದಾ, ವಾಕ್ಯ ಚಿಕ್ಕದು. ಆದರೂ ಇದು ಸಂಶೋಧನೆಯ ಬರವಣಿಗೆ. ಎಷ್ಟು ಗೊತ್ತೋ ಅಷ್ಟೇ ಹೇಳಿದೆ, ಗೊತ್ತಾದದ್ದು ಹೇಗೆ ಎಂದೂ ಹೇಳಿದೆ. ಇದನ್ನು ಯಾವ ಅಂಗಡಿಯೂ ಮಾರಲಾರದು.

ತಾಳಮದ್ದಳೆಯಲ್ಲಿ ಕೇಳಿದ್ದೇ ಇಲ್ಲೂ

ವಾದ ಮಂಡಿಸುವ ಕ್ರಮ ಗಡಿನಾಡಿನ ಮಕ್ಕಳಿಗೆ ಹೊಸದಲ್ಲ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವರು ಚಿಕ್ಕಂದಿನಿಂದ ತಾಳಮದ್ದಳೆ ಕೇಳಿಯೇ ಬೆಳೆದವರು. ಅಲ್ಲಿ ಅರ್ಥಧಾರಿ ಬಾಯಿಗೆ ಬಂದದ್ದು ಹೇಳಿದರೆ ಸಭೆ ಒಪ್ಪುವುದಿಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಅವನು ಬದ್ಧ. ಎದುರಾಳಿಯ ಮಾತನ್ನು ಮೊದಲು ಸರಿಯಾಗಿ ಎತ್ತಿ ಹೇಳಬೇಕು, ಆಮೇಲೆ ಉತ್ತರ ಕೊಡಬೇಕು. ಪುರಾಣದ ಆಧಾರ ಎತ್ತಿದರೆ ಯಾವ ಪುರಾಣ ಎಂದು ಎದುರಿನವರು ಕೇಳಿಯೇ ಕೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ ಹಿರಿಯರು ಈಗಲೂ ನೆನಪಿಸಿಕೊಳ್ಳುವುದು ಅವರ ಮಾತಿನ ಓಘವನ್ನಷ್ಟೇ ಅಲ್ಲ, ತರ್ಕದ ಕಟ್ಟುನಿಟ್ಟನ್ನೂ.

ಸಂಶೋಧನ ಪ್ರಬಂಧ ಕೇಳುವುದೂ ಇದನ್ನೇ. ಪದ್ಯದ ಜಾಗದಲ್ಲಿ ಮಾಹಿತಿ, ಪುರಾಣದ ಜಾಗದಲ್ಲಿ ಅಡಿಟಿಪ್ಪಣಿ, ಎದುರಾಳಿಯ ಜಾಗದಲ್ಲಿ ಈ ವಿಷಯದ ಮೇಲೆ ಮೊದಲು ಬರೆದವರು. ಪೂರ್ವಪಕ್ಷ ಹೇಳದೆ ಸಿದ್ಧಾಂತಕ್ಕೆ ಹಾರಿದರೆ ಅಲ್ಲೂ ಒಪ್ಪುವುದಿಲ್ಲ, ಇಲ್ಲೂ ಒಪ್ಪುವುದಿಲ್ಲ. ಅಧ್ಯಾಪಕರು ಬೋರ್ಡಿನಲ್ಲಿ ಇಂಗ್ಲಿಷ್ ಶಬ್ದಗಳ ಪಟ್ಟಿ ಬರೆಯುವುದಕ್ಕಿಂತ ಹೀಗೆ ಹೇಳಿಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಆಧಾರ ಕೊಡುವುದು ಯಾಕೆ ಮುಖ್ಯ ಎಂಬುದಕ್ಕೆ ಜಿಲ್ಲೆಯಲ್ಲೇ ನೋವಿನ ಸಾಕ್ಷಿಯೊಂದಿದೆ. ಗೇರು ತೋಟಗಳಲ್ಲಿ ಹೆಲಿಕಾಪ್ಟರ್ ಮೂಲಕ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಊರವರು ಪಟ್ಟ ಪಾಡು ಎಲ್ಲರಿಗೂ ಗೊತ್ತಿತ್ತು. ಆದರೆ ‘ಎಲ್ಲರಿಗೂ ಗೊತ್ತು’ ಎಂಬ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಯಾವ ಮನೆ, ಯಾವ ಕಾಯಿಲೆ, ಯಾವ ವರ್ಷ ಎಂದು ದಾಖಲೆ ಕೂಡಿಸಿದವರು ಇದ್ದುದರಿಂದಲೇ ವಿಷಯ ದಿಲ್ಲಿಯ ತನಕ ಹೋಯಿತು. ಸುಪ್ರೀಂ ಕೋರ್ಟು 2011ರ ಮೇ 13ರಂದು ಆ ಕೀಟನಾಶಕಕ್ಕೆ ದೇಶವಿಡೀ ತಡೆ ಹಾಕಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಬರೆದಿಟ್ಟದ್ದು ಉಳಿಯಿತು, ಕೆಲಸಕ್ಕೂ ಬಂತು.

ಯಾವ ಭಾಷೆಯಲ್ಲಿ ಬರೆಯುವುದು?

ಗಡಿನಾಡಿನ ವಿದ್ಯಾರ್ಥಿಗೆ ಅತಿ ದೊಡ್ಡ ತಲೆನೋವು ಇದು. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಪಂಚಾಯತು ಕಚೇರಿಯಲ್ಲಿ ಮಲೆಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ಕನ್ನಡ ಮುಖ್ಯ ವಿಷಯವಾಗಿ ಓದುವವರು ಕನ್ನಡದಲ್ಲೇ ಪ್ರಬಂಧ ಬರೆಯುತ್ತಾರೆ. ಆದರೆ ಚರಿತ್ರೆ, ಅರ್ಥಶಾಸ್ತ್ರ, ವಾಣಿಜ್ಯ, ವಿಜ್ಞಾನ ಓದುವವರಿಗೆ ಇಂಗ್ಲಿಷೇ ಗತಿ. ಗೊತ್ತಿರುವ ವಿಷಯವೂ ಇಂಗ್ಲಿಷಿನಲ್ಲಿ ಬರೆಯಹೊರಟಾಗ ಕೈ ಕಟ್ಟಿ ಹಾಕಿದಂತಾಗುತ್ತದೆ. ಕೈ ಕಟ್ಟಿದಾಗಲೇ ನಕಲಿನ ದಾರಿ ಕಾಣುವುದು.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಇರಬೇಕೆನ್ನುತ್ತದೆ. ಆದರೆ ಅದು ಪ್ರಾಥಮಿಕ ಹಂತಕ್ಕೆ ಮಾತ್ರ. ಆ ವಿಧಿ ಸೇರಿದ್ದು ರಾಜ್ಯ ಪುನರ್ವಿಂಗಡಣೆಯಾದ 1956ರಲ್ಲೇ, ಅಂದರೆ ಕಾಸರಗೋಡು ಕೇರಳದ ಪಾಲಾದ ಅದೇ ವರ್ಷ. ಕಾಲೇಜಿನ ಮಟ್ಟಿಗೆ ಇಂಥ ಆಸರೆ ಇಲ್ಲ. ಇರುವ ಒಂದು ಎಳೆಯೆಂದರೆ ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆದ ಪತ್ರ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಪರೀಕ್ಷೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಉತ್ತರಿಸಲು ಬಿಡಬೇಕು ಎಂದು ಅದರಲ್ಲಿ ಕೇಳಿಕೊಳ್ಳಲಾಗಿತ್ತು. ಕಾಸರಗೋಡಿನ ಮಟ್ಟಿಗೆ ಸ್ಥಳೀಯ ಭಾಷೆ ಎಂದರೆ ಮಲೆಯಾಳ ಮಾತ್ರವಲ್ಲ, ಕನ್ನಡವೂ ಹೌದು. ಈ ಮಾತನ್ನು ವಿಶ್ವವಿದ್ಯಾಲಯದ ಮುಂದಿಡಬೇಕಾದವರು ಕನ್ನಡ ಸಂಘಟನೆಗಳು ಮತ್ತು ಜನಪ್ರತಿನಿಧಿಗಳು. ಕನ್ನಡದಲ್ಲಿ ಬರೆದ ಪ್ರಾಜೆಕ್ಟನ್ನು ಕನ್ನಡ ಬಲ್ಲವರೇ ಮೌಲ್ಯಮಾಪನ ಮಾಡುವ ವ್ಯವಸ್ಥೆಯನ್ನೂ ಜೊತೆಗೇ ಕೇಳಬೇಕು. ಇಲ್ಲದಿದ್ದರೆ ಅನುಮತಿ ಸಿಕ್ಕಿಯೂ ಪ್ರಯೋಜನವಿಲ್ಲ.

ಆದರೆ ಆ ದಿನ ಬರುವ ತನಕ ಕೈಕಟ್ಟಿ ಕೂರುವುದು ಜಾಣತನವಲ್ಲ. ಇಂಗ್ಲಿಷಿನಲ್ಲೇ ಒಪ್ಪಿಸಬೇಕಾದವರೂ ಮೊದಲ ಕರಡನ್ನು ಕನ್ನಡದಲ್ಲಿ ಬರೆಯಬಹುದು. ಹೇಳಬೇಕಾದದ್ದು ಏನು ಎಂದು ಸ್ಪಷ್ಟವಾದ ಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಿಗೆ ಇಳಿಸುವುದು ಅಷ್ಟೇನೂ ಕಷ್ಟವಲ್ಲ. ನೇರವಾಗಿ ಇಂಗ್ಲಿಷಿಗೆ ಕೈಹಾಕಿದರೆ ವಿಷಯವನ್ನೂ ಭಾಷೆಯನ್ನೂ ಒಟ್ಟಿಗೆ ಹುಡುಕಬೇಕಾಗುತ್ತದೆ, ಎರಡೂ ಕೈಗೆ ಸಿಗುವುದಿಲ್ಲ. ತನ್ನ ವಿಷಯದಲ್ಲಿ ಪದೇ ಪದೇ ಬರುವ ಶಬ್ದಗಳ ಪಟ್ಟಿಯೊಂದನ್ನು ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಮಾಡಿಟ್ಟುಕೊಂಡರೂ ಸಾಕಷ್ಟು ಸಹಾಯವಾಗುತ್ತದೆ.

ನಾಲ್ಕು ಭಾಷೆ ತಿಳಿದಿರುವುದು ಹೊರೆಯೆಂದು ಕೊರಗುವವರು ಅದರ ಲಾಭವನ್ನೂ ನೋಡಬೇಕು. ಪಂಚಾಯತಿನ ಮಲೆಯಾಳ ಕಡತ, ಅಜ್ಜಿ ಹೇಳುವ ತುಳು ಪಾಡ್ದನ, ಹಳೆಯ ಕನ್ನಡ ಪತ್ರಿಕೆ, ಸಂಶೋಧನ ಕೇಂದ್ರದ ಇಂಗ್ಲಿಷ್ ವರದಿ, ಈ ನಾಲ್ಕನ್ನೂ ಓದಿ, ಕೇಳಿ ಬರೆಯಬಲ್ಲ ವಿದ್ಯಾರ್ಥಿ ತಿರುವನಂತಪುರದಲ್ಲೂ ಬೆಂಗಳೂರಿನಲ್ಲೂ ಸುಲಭಕ್ಕೆ ಸಿಗಲಾರ. ಮಂಜೇಶ್ವರದ ಗೋವಿಂದ ಪೈಗಳು ಮಾಡಿದ್ದೂ ಇದನ್ನೇ. ತಂದೆ ತೀರಿಕೊಂಡ ಕಾರಣ ಅವರ ಬಿ.ಎ. ಓದು ಪೂರ್ತಿಯಾಗಲಿಲ್ಲ. ಆದರೂ ಹಲವು ಭಾಷೆ ಕಲಿತು, ಶಾಸನ, ಗ್ರಂಥಗಳ ಆಧಾರ ಹಿಡಿದು ಕಾಲನಿರ್ಣಯದ ಲೇಖನಗಳನ್ನು ಬರೆದರು. ಪದವಿಯಿಲ್ಲದೆ ಸಂಶೋಧನೆ ಮಾಡಿದವರ ಊರಿನಲ್ಲಿ ಸಂಶೋಧನೆ ಮಾಡದೆ ಪದವಿ ಪಡೆಯುವವರು ಹೆಚ್ಚಬಾರದು.

ಯಂತ್ರ ಬರೆದುಕೊಟ್ಟರೆ?

ಈಗ ಅಂಗಡಿಗೂ ಹೋಗಬೇಕಾಗಿಲ್ಲ. ಮೊಬೈಲಿನಲ್ಲಿ ವಿಷಯ ಹಾಕಿದರೆ ಕೃತಕ ಬುದ್ಧಿಮತ್ತೆಯ ಆ್ಯಪ್ ನಿಮಿಷದೊಳಗೆ ಪುಟಗಟ್ಟಲೆ ಬರೆದುಕೊಡುತ್ತದೆ. ‘ಎಲ್ಲರೂ ಮಾಡ್ತಾರೆ, ನಾನೊಬ್ಬ ಮಾಡದಿದ್ರೆ ಎಂತ ಆಗ್ತದೆ?’ ಎಂದು ಕೇಳುವವರೂ ಇದ್ದಾರೆ. ಇದಕ್ಕೆ ಉಪದೇಶಕ್ಕಿಂತ ವ್ಯವಹಾರದ ಉತ್ತರವೇ ಒಳ್ಳೆಯದು. ಆ ಯಂತ್ರಗಳು ಕೆಲವೊಮ್ಮೆ ಇಲ್ಲದ ಪುಸ್ತಕ, ಇಲ್ಲದ ಲೇಖನಗಳ ಹೆಸರು ಹುಟ್ಟುಹಾಕಿ ಆಧಾರವೆಂದು ಕೊಟ್ಟುಬಿಡುತ್ತವೆ. ‘ಈ ಪುಸ್ತಕ ಯಾವ ಲೈಬ್ರರಿಯಲ್ಲಿ ನೋಡಿದೆ?’ ಎಂದು ವೈವಾದಲ್ಲಿ ಕೇಳಿದರೆ ವಿದ್ಯಾರ್ಥಿಯ ಮುಖ ಬಿಳಿಚಿಕೊಳ್ಳುತ್ತದೆ. ಎಣ್ಮಕಜೆಯ ಒಂದು ವಾರ್ಡಿನ ಸುರಂಗಗಳಲ್ಲಿ ಈ ಬೇಸಗೆಗೆ ನೀರಿತ್ತೇ ಎಂದು ಯಾವ ಯಂತ್ರಕ್ಕೂ ಗೊತ್ತಿಲ್ಲ. ಕಾಗುಣಿತ ತಿದ್ದಲು, ಕಠಿಣ ಇಂಗ್ಲಿಷ್ ವಾಕ್ಯ ಅರ್ಥ ಮಾಡಿಕೊಳ್ಳಲು ಬಳಸುವುದು ಬೇರೆ, ಬರೆಯುವ ಕೆಲಸವನ್ನೇ ಒಪ್ಪಿಸಿಬಿಡುವುದು ಬೇರೆ.

ಮುಂದೆ ಓದುವವರು ತಿಳಿದಿರಬೇಕಾದ ನಿಯಮವೂ ಒಂದಿದೆ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿಯಂತೆ ಸ್ನಾತಕೋತ್ತರ ಮತ್ತು ಸಂಶೋಧನ ಪ್ರಬಂಧಗಳಲ್ಲಿ ಶೇ. 10ರ ತನಕದ ಹೋಲಿಕೆಗೆ ದಂಡನೆಯಿಲ್ಲ. ಶೇ. 10ರಿಂದ 40 ಆದರೆ ಆರು ತಿಂಗಳ ಒಳಗಿನ ನಿಗದಿತ ಅವಧಿಯಲ್ಲಿ ತಿದ್ದಿ ಒಪ್ಪಿಸಬೇಕು. ಶೇ. 40ರಿಂದ 60 ಆದರೆ ಒಂದು ವರ್ಷ ಮತ್ತೆ ಒಪ್ಪಿಸುವಂತಿಲ್ಲ. ಶೇ. 60 ಮೀರಿದರೆ ನೋಂದಣಿಯೇ ರದ್ದು. ಕೋರ್ಸಿನ ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿಗಳಿಗೆ ಈ ದಂಡನೆ ಅನ್ವಯವಿಲ್ಲ, ನಿಜ. ಆದರೆ ಪದವಿಯಲ್ಲಿ ನಕಲು ಮಾಡಿ ಅಭ್ಯಾಸವಾದವರು ಎಂ.ಎ., ಪಿಎಚ್.ಡಿ.ಗೆ ಹೋದಾಗ ಒಮ್ಮೆಲೇ ಬರೆಯಲು ಕಲಿಯುವರೇ?

ಯಾರು ಏನು ಮಾಡಬಹುದು?

ಎಲ್ಲ ತಪ್ಪನ್ನೂ ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಎಷ್ಟೋ ಮನೆಗಳಲ್ಲಿ ಕಾಲೇಜು ಮೆಟ್ಟಲು ಹತ್ತಿದವರಲ್ಲಿ ಇವರೇ ಮೊದಲಿಗರು. ಕ್ಲಾಸು ಮುಗಿಸಿ ಅಂಗಡಿಯಲ್ಲೋ ಕೇಟರಿಂಗಿನಲ್ಲೋ ದುಡಿಯುವವರೂ ಇದ್ದಾರೆ. ಹತ್ತಾರು ವಿದ್ಯಾರ್ಥಿಗಳು ಒಬ್ಬರೇ ಗೈಡಿನ ಪಾಲಿಗೆ ಬಂದಾಗ, ಆ ಗೈಡ್ ಕೂಡ ವರ್ಷಾವಧಿಯ ಅತಿಥಿ ಅಧ್ಯಾಪಕರಾಗಿದ್ದಾಗ, ಪ್ರತಿ ಪುಟ ಓದಿ ತಿದ್ದುವುದು ಹೇಳಿದಷ್ಟು ಸುಲಭವಲ್ಲ. ಹಾಗಿದ್ದರೂ ದುಡ್ಡಿಲ್ಲದೆ ಆಗುವ ಕೆಲಸಗಳು ಕೆಲವು ಉಂಟು.

ಕಾಲೇಜುಗಳು ಬರವಣಿಗೆಯನ್ನು ಕೊನೆಯ ಸೆಮಿಸ್ಟರಿಗೆ ನೂಕಬಾರದು. ಮೊದಲ ಸೆಮಿಸ್ಟರಿನಿಂದಲೇ ತಿಂಗಳಿಗೆ ಒಂದು ಪುಟ ಬರೆಸಿ, ಕೆಂಪು ಶಾಯಿಯಲ್ಲಿ ತಿದ್ದಿ ಹಿಂದೆ ಕೊಟ್ಟು, ತಿದ್ದಿದ್ದನ್ನು ಮತ್ತೆ ಬರೆಸಬೇಕು. ಬರೆದದ್ದನ್ನು ಎರಡನೇ ಸಲ ಬರೆಯುವುದರಲ್ಲೇ ನಿಜವಾದ ಕಲಿಕೆ ಇರುವುದು. ಪ್ರಾಜೆಕ್ಟಿನ ವಿಷಯ, ಮೊದಲ ಕರಡು, ಎರಡನೇ ಕರಡು, ಪ್ರತಿಯೊಂದಕ್ಕೂ ದಿನಾಂಕ ನಿಗದಿ ಮಾಡಿದರೆ ಕೊನೆಯ ವಾರದ ಗಡಿಬಿಡಿಯೂ ಇಲ್ಲ, ನಕಲಿಗೆ ಆಸ್ಪದವೂ ಕಡಿಮೆ. ಹಿಂದಿನ ವರ್ಷಗಳ ಒಳ್ಳೆಯ ವರದಿಗಳನ್ನು ಅಲ್ಮಾರಿಯಲ್ಲಿ ಬೀಗ ಹಾಕಿಡದೆ, ಅಧ್ಯಾಪಕರೇ ತರಗತಿಯಲ್ಲಿ ಬಿಚ್ಚಿ ತೋರಿಸಬೇಕು.

ಟೈಪಿಂಗ್ ಬಗ್ಗೆಯೂ ಒಂದು ಮಾತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿಸಿದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೇ ಕಾಣದೆ ಹೋಗುವುದುಂಟು, ಅಂತರ್ಜಾಲದಲ್ಲಿ ಹುಡುಕಿದರೂ ಸಿಗದು. ಯೂನಿಕೋಡ್‌ನಲ್ಲೇ ಟೈಪ್ ಮಾಡುವುದನ್ನು ವಿದ್ಯಾರ್ಥಿಗಳು ತಾವೇ ಕಲಿತರೆ ಖರ್ಚೂ ಉಳಿಯುತ್ತದೆ, ತಿದ್ದಲು ಅಂಗಡಿಗೆ ಓಡುವುದೂ ತಪ್ಪುತ್ತದೆ.

ಕೇರಳದಲ್ಲಿ ಊರೂರಿಗೂ ಗ್ರಂಥಾಲಯಗಳಿವೆ. ಗಡಿನಾಡಿನಲ್ಲಿ ನಿವೃತ್ತ ಕನ್ನಡ ಅಧ್ಯಾಪಕರಿಗೂ ಕೊರತೆಯಿಲ್ಲ. ತಿಂಗಳಿಗೆ ಎರಡು ಆದಿತ್ಯವಾರ ಊರಿನ ಗ್ರಂಥಾಲಯದಲ್ಲಿ ಅವರು ಕುಳಿತು ಮಕ್ಕಳ ಕರಡು ನೋಡಿಕೊಡುವುದಾದರೆ ಅದಕ್ಕಿಂತ ದೊಡ್ಡ ಕನ್ನಡ ಸೇವೆ ಬೇರೆ ಇಲ್ಲ. ನವೆಂಬರ್ ತಿಂಗಳಲ್ಲಿ ವೇದಿಕೆ ಹಾಕಿ ಶಾಲು ಹೊದೆಸುವ ಸಂಘಗಳು ವರ್ಷಕ್ಕೊಮ್ಮೆ ಪ್ರಬಂಧ ಬರೆಯುವ ಎರಡು ದಿನದ ಶಿಬಿರವನ್ನೂ ನಡೆಸಬಹುದು. ಹೆತ್ತವರು ‘ಎಷ್ಟು ದುಡ್ಡು ಬೇಕು, ಮಾಡಿಸಿಕೊಂಡು ಬಾ’ ಎನ್ನುವ ಬದಲು ‘ಎಂತ ಬರೆದೆ, ಒಮ್ಮೆ ಓದಿ ಹೇಳು’ ಎಂದು ಕೇಳಿದರೆ ಸಾಕು. ಓದಿ ಹೇಳುವಾಗ ನಾಲಿಗೆ ತಡೆದಲ್ಲಿ ವಾಕ್ಯ ಸರಿಯಿಲ್ಲವೆಂದು ಬರೆದವರಿಗೇ ಗೊತ್ತಾಗುತ್ತದೆ.

‘ಡಿಗ್ರಿ ಸಿಕ್ಕಿದ್ರೆ ಸಾಕು, ಪಿಎಸ್‌ಸಿ ಪರೀಕ್ಷೆಗೆ ಇದೆಲ್ಲ ಯಾಕೆ?’ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಕೆಲಸ ಬೇಕು, ಸಂಬಳ ಬೇಕು. ಆದರೆ ಕೆಲಸ ಸಿಕ್ಕಿದ ಮೇಲೆ ಕಚೇರಿಯಲ್ಲಿ ವರದಿ ಬರೆಯುವವರು ಯಾರು? ಸಹಕಾರಿ ಬ್ಯಾಂಕಿಗೆ, ಕೃಷಿ ಭವನಕ್ಕೆ, ನ್ಯಾಯಾಲಯಕ್ಕೆ ಅರ್ಜಿ ಬರೆದುಕೊಡುವವರು ಯಾರು? ಗಡಿನಾಡ ಕನ್ನಡಿಗರ ಅಹವಾಲು 1956ರಿಂದ ಈಚೆಗೆ ನಡೆದುಬಂದದ್ದು ಬೀದಿಯಲ್ಲಿ ಮಾತ್ರವಲ್ಲ, ಕಾಗದದ ಮೇಲೆ ಕೂಡ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲವೆಂಬುದು ಬೇರೆ ಮಾತು. ಆದರೆ ಅಂಥ ಆಯೋಗದ ಮುಂದೆ ಲೆಕ್ಕ, ದಾಖಲೆ, ವಾದ ಇಟ್ಟುಕೊಂಡು ಹೋಗಬಲ್ಲವರು ಆಗ ಬೇಕಾಗಿತ್ತು. ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು, ಕಚೇರಿಯಲ್ಲಿ ಕನ್ನಡ ಅರ್ಜಿ ನಮೂನೆ ಬೇಕು ಎಂದು ಕೇಳಲು ಈಗಲೂ ಬೇಕು. ಆಧಾರ ಸಮೇತ ನಾಲ್ಕು ಪುಟ ಬರೆಯಬಲ್ಲವರು ಇಲ್ಲವಾದರೆ ಮುಂದಿನ ತಲೆಮಾರಿನ ಪರವಾಗಿ ಮಾತಾಡುವವರು ಯಾರು?

ಅಕ್ಕಲಕೋಟೆ, ಜತ್ತಗಳ ಮರಾಠಿ ಸುತ್ತಿನಲ್ಲಿರುವ ಕನ್ನಡ ಮಕ್ಕಳಿಗೂ, ತಾಳವಾಡಿ, ಹೊಸೂರಿನ ತಮಿಳು ಸುತ್ತಿನಲ್ಲಿರುವವರಿಗೂ ಈ ಮಾತು ಸಲ್ಲುತ್ತದೆ. ರಾಜ್ಯ ಬೇರೆಯಾದರೂ ಮನೆಯ ಭಾಷೆಯಿಂದ ಪದವಿಯ ಭಾಷೆಗೆ ದಾಟುವ ಕಷ್ಟ ಒಂದೇ. ಆ ದಾಟುವಿಕೆಗೆ ಕೊನೆಯ ಸೆಮಿಸ್ಟರಿನ ಕೊನೆಯ ವಾರ ಸಾಲದು. ಈ ವರ್ಷ ಕಾಲೇಜಿಗೆ ಸೇರಿದವರು ಈ ತಿಂಗಳೇ ಒಂದು ಪುಟ ಬರೆಯಲಿ. ಅದನ್ನು ತಿದ್ದಿಕೊಡಲು ಊರಿನಲ್ಲಿ ಒಬ್ಬರಾದರೂ ಮುಂದೆ ಬರಲಿ.